ಹನ್ನೆರಡನೇ ಪ್ಯಾರಾ

ಆಗಸ್ಟ್ 4
ಕಾನೂನು ಕಾಲೇಜು, ಉಪನ್ಯಾಸಕರ ಕೊಠಡಿ

ನಿವೃತ್ತ ನ್ಯಾಯಮೂರ್ತಿಗಳ ಸನ್ನಿಧಾನಕ್ಕೆ,

ಲಕೋಟೆಯ ದಪ್ಪ ನೋಡಿಯೇ ತಮಗೆ ಇದು ಯಾರದ್ದೆಂದು ತಿಳಿದಿರುತ್ತದೆ. ಹದಿನೇಳನೇ ವರ್ಷದ ಕಾಣಿಕೆ. ಹಿಂದಿನ ಹದಿನಾರಕ್ಕೆ ತಾವು ಒಂದು ಸಾಲಿನ ಉತ್ತರವನ್ನೂ ಬರೆದಿಲ್ಲ, ಆದರೆ ಒಂದನ್ನೂ ವಾಪಸು ಕಳಿಸಿಲ್ಲ. ತಾವು ಓದುತ್ತೀರಿ, ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡೇ ಓದುತ್ತೀರಿ ಎಂದು ನಾನು ನಂಬಿದ್ದೇನೆ. ಆ ನಂಬಿಕೆಯಿಂದಲೇ ನನಗೆ ಊಟ ಸೇರುತ್ತದೆ.

ವಾಡಿಕೆಯಂತೆ ಮೊದಲು ಸಂಗತಿ. ತಮಗೆ ವಯಸ್ಸಾಯಿತು, ಮರೆತುಬಿಟ್ಟರೆ ನನ್ನ ಶ್ರಮವೆಲ್ಲ ದಂಡ. ಒಂದು ಆಸ್ಪತ್ರೆಯ ಹೆಂಗಸರ ವಾರ್ಡು. ಒಂದು ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಒಬ್ಬ ರೋಗಿಗೆ ಹತ್ತು ಪಟ್ಟು ಹೆಚ್ಚು ಔಷಧಿಯ ಇಂಜೆಕ್ಷನ್ ಬಿತ್ತು. ಸಂಜೆಯೊಳಗೆ ಆಕೆ ತೀರಿಕೊಂಡಳು. ಇಂಜೆಕ್ಷನ್ ಕೊಟ್ಟವಳು ನನ್ನ ತಂಗಿ ಎಂದು ಕೆಳ ಕೋರ್ಟು ಹೇಳಿತು. ನನ್ನ ತಂಗಿ ಎರಡು ಗಂಟೆಗೇ ಪಾಳಿ ಮುಗಿಸಿ, ಡ್ಯೂಟಿ ರಿಜಿಸ್ಟರಿಗೆ ಸಹಿ ಹಾಕಿ ಮನೆಗೆ ಬಂದಿದ್ದಳು. ರಿಜಿಸ್ಟರು ಹುಳ ತಿಂದು ಹಾಳಾಯಿತು ಎಂದಿತು ಆಸ್ಪತ್ರೆ. ಆ ಪುಟದ ದೃಢೀಕೃತ ನಕಲನ್ನು ಮೇಲ್ಮನವಿಯಲ್ಲಿ ಅವಳ ವಕೀಲನಾಗಿ ನಾನು ತಮ್ಮ ಮುಂದಿಟ್ಟೆ. ತಾವು ಅದನ್ನು ಪಕ್ಕಕ್ಕೆ ಸರಿಸಿದಿರಿ. ಮೂವತ್ತೆಂಟು ಪುಟದ ತೀರ್ಪಿನಲ್ಲಿ ಅದಕ್ಕೆ ಸಿಕ್ಕಿದ್ದು ಹನ್ನೆರಡನೇ ಪ್ಯಾರಾ, ಅದರಲ್ಲಿ ಒಂದೇ ವಾಕ್ಯ: ‘ಹೆಚ್ಚುವರಿ ದಾಖಲೆಯನ್ನು ಈ ಹಂತದಲ್ಲಿ ಸ್ವೀಕರಿಸಲು ಸಾಕಷ್ಟು ಕಾರಣ ಕಂಡುಬಂದಿಲ್ಲ.’ ಎಂಟು ಪದ. ಆ ಎಂಟು ಪದಕ್ಕೆ ಅವಳು ಹದಿನೆಂಟು ತಿಂಗಳು ಜೈಲಿನಲ್ಲಿದ್ದಳು. ನರ್ಸ್ ನೋಂದಣಿ ರದ್ದಾಯಿತು. ಈಗ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ.

ಇನ್ನು ತರಗತಿಯ ಸಮಾಚಾರ. ಮೊದಲ ವರ್ಷದ ಮಕ್ಕಳಿಗೆ ಕೇಸ್ ಬ್ರೀಫ್ ಬರೆಯುವುದನ್ನು ಕಲಿಸಲು ಈ ಸಲವೂ ತಮ್ಮ ತೀರ್ಪನ್ನೇ ಹಂಚಿದೆ. ಪಕ್ಷಗಾರರ ಹೆಸರು, ವಕೀಲರ ಹೆಸರು ಕತ್ತರಿಸಿದ್ದೇನೆ. ತಮ್ಮ ಹೆಸರು ಮಾತ್ರ ದಪ್ಪಕ್ಷರದಲ್ಲಿ ಉಳಿಸಿದ್ದೇನೆ. ಹಲಗೆಯ ಮೇಲೆ ಐದು ತಲೆಬರಹ: ಸಂಗತಿಗಳು, ಕೆಳ ಕೋರ್ಟಿನ ತೀರ್ಮಾನ, ವಿವಾದದ ಪ್ರಶ್ನೆ, ತೀರ್ಪು, ಕಾರಣಗಳು. ಮೂವತ್ತೆಂಟು ಪುಟವನ್ನು ಹಿಂಡಿ ಎರಡು ಪುಟ ಮಾಡಬೇಕು. ಮಕ್ಕಳು ಮೊದಲ ನಾಲ್ಕನ್ನು ಹೇಗೋ ದಾಟುತ್ತಾರೆ. ಐದನೆಯದಕ್ಕೆ ಬಂದಾಗ ಯಾರಾದರೊಬ್ಬರು ಕೈ ಎತ್ತಿಯೇ ಎತ್ತುತ್ತಾರೆ. “ಸರ್, ಹನ್ನೆರಡನೇ ಪ್ಯಾರಾಕ್ಕೆ ಕಾರಣ ಎಲ್ಲಿದೆ?” “ನೀವೇ ಹುಡುಕ್ರಪ್ಪಾ” ಎನ್ನುತ್ತೇನೆ ನಾನು. ತಮಗೆ ಕಳಿಸಲು ವರ್ಷಕ್ಕೊಂದು ಬ್ರೀಫ್ ಆರಿಸುತ್ತೇವಲ್ಲ, ಈ ಸಲ ಅದರಲ್ಲಿ ಗೆದ್ದವನು ಆ ತಲೆಬರಹದ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟು ಬರೆದಿದ್ದಾನೆ: ‘ಬರೆಯಲು ಮರೆತವನು ನಾನಲ್ಲ.’ ಹೋದ ತಿಂಗಳ ಕೊನೆಯ ಭಾನುವಾರ ನಾನೂ ತಂಗಿಯೂ ಊಟದ ಮೇಜಿನ ಮೇಲೆ ಅರವತ್ತೆರಡು ಬ್ರೀಫ್ ಹರಡಿಕೊಂಡು ಕೂತಾಗ ಅವಳೇ ಇದನ್ನು ಎತ್ತಿದಳು. “ಇದೇ ಇರ್ಲಿ ಅಣ್ಣ, ಇದು ನಾಟುತ್ತೆ.” ಲಕೋಟೆಯ ಮೇಲೆ ವಿಳಾಸವನ್ನೂ ಎಂದಿನಂತೆ ಅವಳೇ ಬರೆದಿದ್ದಾಳೆ.

ಒಂದು ತಮಾಷೆ ಹೇಳುವುದು ಮರೆತೆ. ಮೊದಲ ಬೆಂಚಿನ ಒಬ್ಬಳು ಕೋರ್ಟಿನ ರೆಕಾರ್ಡ್ ರೂಮಿಗೆ ಹೋಗಿ ಕಡತದಿಂದ ಏನೋ ಹಾಳೆ ತೆಗೆಸಿಕೊಂಡು ಬಂದು ಅದನ್ನು ‘ಸಂಗತಿಗಳು’ ಕೆಳಗೆ ತುರುಕಿದ್ದಾಳೆ. ಇಪ್ಪತ್ತಕ್ಕೆ ಮೂರು ಕೊಟ್ಟು ಕಳಿಸಿದೆ. ಬ್ರೀಫ್ ಎಂದರೆ ತೀರ್ಪಿನಲ್ಲಿ ಇದ್ದದ್ದು, ಇದ್ದದ್ದಷ್ಟೇ. ಹೊರಗಿನದನ್ನು ಒಳಗೆ ತರಕೂಡದು. ಈ ಒಂದು ವಿಷಯದಲ್ಲಾದರೂ ತಾವು ನನ್ನ ಕಡೆಗೇ ಇರುತ್ತೀರಿ.

ನಾಲ್ಕು ವರ್ಷ ಒಂದೇ ಹಾಸ್ಟೆಲ್ ಕೋಣೆಯಲ್ಲಿ ಒಂದೇ ಸೋಪು ತೇಯ್ದ ತಪ್ಪಿಗೆ,
ಗುಡುಗು


ಆಗಸ್ಟ್ 19

ಗುಡುಗು,

ಉತ್ತರ ಬರೆಯಬಾರದೆಂದು ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಬರುವ ಲಕೋಟೆಯನ್ನು ಓದುತ್ತಿದ್ದೆ, ಬೀರುವಿನಲ್ಲಿ ಇಡುತ್ತಿದ್ದೆ. ಮನೆಯವಳು “ಈ ಕಸ ಯಾಕೆ ಕೂಡಿಡ್ತೀರಿ” ಎಂದು ಕೇಳುತ್ತಾಳೆ.

ಈ ಸಲ ಬರೆಯುತ್ತಿರುವುದು ನಿನ್ನ ಕೊನೆಯ ನಾಲ್ಕು ಸಾಲಿಗಾಗಿ. ಆ ಹುಡುಗಿ ತಂದ ಹಾಳೆ ಯಾವುದು? ಯಾರು ಎಲ್ಲಿ ಕೂತರು, ಯಾರು ಕೈ ಎತ್ತಿದರು ಎಂದು ಮೂರು ಪುಟ ಬರೆದವನು ಆ ಒಂದನ್ನು ‘ಏನೋ ಹಾಳೆ’ ಎಂದು ತೇಲಿಸಿಬಿಟ್ಟಿದ್ದೀಯ. ನೀನು ತೇಲಿಸುವುದು ಯಾವಾಗ ಎಂದು ನನಗೆ ಹಾಸ್ಟೆಲಿನ ಕಾಲದಿಂದ ಗೊತ್ತು.

ಅವಳ ಅಂಕ ಅವಳಿಗೆ ಕೊಡು. ಆ ತೀರ್ಪನ್ನು ಪಾಠ ಮಾಡುವುದನ್ನು ಇಲ್ಲಿಗೆ ನಿಲ್ಲಿಸು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಇದನ್ನು ಮನೆಗೆ ಕಳಿಸದೆ ಕಾಲೇಜಿಗೆ ಕಳಿಸುತ್ತಿದ್ದೇನೆ. ಯಾಕೆಂದು ನೀನೇ ಯೋಚಿಸು.

ಗುಮ್ಮ


ಆಗಸ್ಟ್ 24

ಗುಮ್ಮ ಬಾಯಿ ಬಿಟ್ಟಿತು, ಅದೂ ಹಾಸ್ಟೆಲಿನ ಅಡ್ಡಹೆಸರಿನಲ್ಲೇ! ಹದಿನೇಳು ವರ್ಷಕ್ಕೆ ಫಲ ಸಿಕ್ಕಿತು. ಪತ್ರವನ್ನು ಉಪನ್ಯಾಸಕರ ಕೊಠಡಿಯಲ್ಲಿ ನಿಂತೇ ಓದಿದೆ. ಪಕ್ಕದ ಮೇಜಿನ ಆಸ್ತಿ ಕಾಯ್ದೆಯ ಮೇಷ್ಟ್ರು “ಏನ್ ಸಾರ್, ಲಾಟರಿ ಹೊಡೀತಾ?” ಎಂದು ಕೇಳಿದರು. ಹೊಡೆಯಿತು ಎಂದೆ.

ನಿನ್ನ ಪತ್ರದ ಬ್ರೀಫ್ ಬರೆಯಲೇ? ಸಂಗತಿ: ನಿವೃತ್ತ ನ್ಯಾಯಾಧೀಶ ಹೆದರಿದ್ದಾನೆ. ಪ್ರಶ್ನೆ: ಯಾಕೆ? ಕಾರಣ: ಡಿಸೆಂಬರಿನಲ್ಲಿ ಕೋರ್ಟಿನ ಗ್ರಂಥಾಲಯದ ಗೋಡೆಗೆ ಅವನ ಭಾವಚಿತ್ರ ಏರುತ್ತದೆ. ಆಹ್ವಾನ ಪತ್ರಿಕೆ ನಮ್ಮ ಕಾಲೇಜಿಗೂ ಬಂದಿದೆ, ನೋಡಿದೆ. ಚಿನ್ನದ ಅಂಚಿನ ಕಾಗದ. ಈಗ ಯಾರೋ ಹೆಣ್ಣುಮಗಳು ಕಡತ ಕೆದಕಿದಳು ಎಂದ ತಕ್ಷಣ ನಿನ್ನ ಕೈಕಾಲು ತಣ್ಣಗಾಗಿದೆ. ‘ನಿನ್ನ ಒಳ್ಳೆಯದಕ್ಕೇ’ ಅಂತೆ! ನನ್ನ ಒಳ್ಳೆಯದರ ಮೇಲೆ ನಿನಗೆ ಯಾವಾಗಿನಿಂದ ಇಷ್ಟು ಮಮತೆ?

ಪತ್ರವನ್ನು ಕಾಲೇಜಿಗೆ ಕಳಿಸಿದ್ದು ಯಾಕೆಂದು ಯೋಚಿಸಿದೆ. ನನ್ನ ತಂಗಿಯ ಕೈಗೆ ನಿನ್ನ ಅಕ್ಷರ ಬೀಳುವುದು ನಿನಗೆ ಬೇಡ. ಬೀಳಬೇಕಾಗಿತ್ತು ಕಣೋ. ಜೈಲಿನಿಂದ ಬಂದ ದಿನ ಅವಳು ಬಟ್ಟೆಯ ಗಂಟು ಕೆಳಗಿಟ್ಟು ಮೊದಲು ಕೇಳಿದ್ದು ಏನು ಗೊತ್ತೇ? “ಅಣ್ಣ, ಆ ಜಡ್ಜ್ ನಿನ್ನ ರೂಮ್‌ಮೇಟ್ ಅಲ್ವಾ? ನಿನ್ನ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸಿಕೊಂಡನಾ?” ಹೌದು ಎಂದೆ. ಆವತ್ತೇ ತೀರ್ಮಾನ ಮಾಡಿದೆ. ವಕೀಲಿಕೆ ಬಿಟ್ಟೆ, ಕರಿ ಕೋಟು ಮಡಿಸಿ ಟ್ರಂಕಿಗೆ ಹಾಕಿದೆ, ಮೇಷ್ಟ್ರಾದೆ. ವರ್ಷಕ್ಕೆ ಅರವತ್ತು ಮಕ್ಕಳು. ಲೆಕ್ಕ ಹಾಕಿಕೋ, ನಿನ್ನ ಹೆಸರು ಕೇಳಿದರೆ ಮೂಗು ಮುರಿಯುವ ಸಾವಿರ ವಕೀಲರನ್ನು ತಯಾರು ಮಾಡಿ ಬಿಟ್ಟಿದ್ದೇನೆ. ಅವರಲ್ಲಿ ಇಬ್ಬರು ಈಗ ಜಡ್ಜುಗಳು.

ಇನ್ನೂ ಕೇಳು. ಹದಿನೇಳು ವರ್ಷದ ಹದಿನೇಳು ಬ್ರೀಫುಗಳನ್ನು ಸೇರಿಸಿ ಪುಸ್ತಕ ಮಾಡಿಸುತ್ತೇನೆ. ನಿನ್ನ ಭಾವಚಿತ್ರದ ಪರದೆ ಸರಿಸುವ ದಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಗೂ ಒಂದೊಂದು ಕೊಡುತ್ತೇನೆ. ತಂಗಿಯೂ ಬರುತ್ತಾಳೆ.

ಗುಡುಗು


ಸೆಪ್ಟೆಂಬರ್ 6

ಗುಡುಗು,

ನಾನು ಕೇಳಿದ್ದು ಒಂದೇ ಪ್ರಶ್ನೆ, ಆ ಹಾಳೆ ಯಾವುದು ಎಂದು. ನೀನು ಎರಡು ಪುಟ ಬೈದು ಅದನ್ನು ಮತ್ತೆ ದಾಟಿದೆ. ಹಾಗಾದರೆ ಉತ್ತರ ನಾನೇ ಬರೆಯುತ್ತೇನೆ.

ಅದು ಡ್ಯೂಟಿ ರಿಜಿಸ್ಟರಿನ ಆ ಪುಟದ ನಕಲು. ಅದರ ಹಿಂಬದಿಯಲ್ಲಿ ಆಸ್ಪತ್ರೆಯ ನೇರಳೆ ಬಣ್ಣದ ಸೀಲು ಇದೆ. ಸೀಲಿನ ಕೆಳಗೆ ಗುಮಾಸ್ತನ ಕೈಬರಹ: ‘ಆರೋಪಿಯ ವಕೀಲರಿಗೆ ನೀಡಲಾಗಿದೆ, ಮಾರ್ಚ್ 9.’ ಕೆಳ ಕೋರ್ಟಿನಲ್ಲಿ ಸಾಕ್ಷ್ಯ ಮುಗಿದದ್ದು ಅದೇ ವರ್ಷದ ನವೆಂಬರಿನಲ್ಲಿ. ಎಂಟು ತಿಂಗಳು ಆ ಕಾಗದ ನಿನ್ನ ಬಳಿ ಇತ್ತು. ನನ್ನ ಮುಂದೆ ನೀನು ಸಲ್ಲಿಸಿದ ಪ್ರಮಾಣಪತ್ರದಲ್ಲಿ ಏನು ಬರೆದಿದ್ದೆ? ‘ಈ ನಕಲು ಕೆಳ ನ್ಯಾಯಾಲಯದ ತೀರ್ಪಿನ ನಂತರವಷ್ಟೇ ನನ್ನ ಕೈಸೇರಿತು.’ ಸಹಿ ನಿನ್ನದೇ.

ಆವತ್ತು ಕೋರ್ಟಿನಲ್ಲಿ ನಾನು ಕೇಳಿದೆ, ಇದನ್ನು ಆಗಲೇ ಯಾಕೆ ಹಾಜರುಪಡಿಸಲಿಲ್ಲ ಎಂದು. “ಆಗ ಸಿಕ್ಕಿರಲಿಲ್ಲ ಸ್ವಾಮಿ” ಎಂದೆ. ನಾನು ಹಾಳೆ ತಿರುಗಿಸಿ ನೋಡುತ್ತಿದ್ದೆ. ನೀನು ನನ್ನನ್ನು ನೋಡುತ್ತಿದ್ದೆ. ಸರ್ಕಾರಿ ವಕೀಲ ಹಾಳೆಯ ಮುಂಬದಿ ಮಾತ್ರ ನೋಡಿ ವಾಪಸು ಕೊಟ್ಟ.

ಆ ತಾರೀಖನ್ನು ನಾನು ಹನ್ನೆರಡನೇ ಪ್ಯಾರಾದಲ್ಲಿ ಬರೆದಿದ್ದರೆ ಏನಾಗುತ್ತಿತ್ತು? ಕೋರ್ಟಿಗೆ ಸುಳ್ಳು ಪ್ರಮಾಣ ಮಾಡಿದ್ದಕ್ಕೆ ನಿನ್ನ ಮೇಲೆ ಕೇಸು. ವಕೀಲಿಕೆಯ ಸನ್ನದು ಹೋಗುತ್ತಿತ್ತು. ಅಣ್ಣ ತಂಗಿ ಇಬ್ಬರೂ ಒಳಗಿರುತ್ತಿದ್ದಿರಿ. ಅದಕ್ಕೆ ಎಂಟು ಪದ ಬರೆದು ಬಾಯಿ ಮುಚ್ಚಿಕೊಂಡೆ. ಆ ಪ್ಯಾರಾದಲ್ಲಿ ಕಾರಣ ಇಲ್ಲ ಎಂದು ನೀನು ಸಾವಿರ ಮಕ್ಕಳ ಮುಂದೆ ನನ್ನ ಮಾನ ಹರಾಜು ಹಾಕುತ್ತಿದ್ದೆ. ಆ ಕಾರಣ ನೀನೇ ಎಂದು ಗೊತ್ತಿದ್ದೂ ಹಾಕುತ್ತಿದ್ದೆ.

ಪುಸ್ತಕ ಮಾಡಿಸು. ಬಾಗಿಲಲ್ಲಿ ನಿಂತು ಹಂಚು. ನಾನು ವೇದಿಕೆಯ ಮೇಲೆ ನಿಂತು ಮಾರ್ಚ್ 9ರ ಕಥೆ ಹೇಳುತ್ತೇನೆ. ತಂಗಿಯನ್ನು ಮರೆಯದೆ ಕರೆದುಕೊಂಡು ಬಾ.

ಗುಮ್ಮ


ಸೆಪ್ಟೆಂಬರ್ 27

ಗುಮ್ಮ,

ಮೂರು ವಾರ ಪತ್ರ ಬರೆಯಲಾಗಲಿಲ್ಲ. ಬರೆದೆ, ಹರಿದೆ. ತಂಗಿ “ಯಾಕಣ್ಣ, ಊಟ ಸೇರ್ತಿಲ್ವಾ?” ಎಂದು ಎರಡು ಸಲ ಕೇಳಿದಳು. ಬಿಸಿಲು ಎಂದೆ.

ತಾರೀಖು ನಿಜ. ಈಗ ಕೇಳು, ಇದನ್ನು ನಾನು ಯಾರಿಗೂ ಹೇಳಿಲ್ಲ. ಆಸ್ಪತ್ರೆಯವರು ರಿಜಿಸ್ಟರನ್ನು ಮಾಯ ಮಾಡುವ ಮುಂಚೆಯೇ ನಾನು ಗುಮಾಸ್ತನಿಂದ ನಕಲು ತೆಗೆಸಿದ್ದೆ. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸರ್ಕಾರದ ಸಾಕ್ಷಿಗಳ ಪಟ್ಟಿಯಲ್ಲಿ ಏಳನೆಯವನು. ಅವನು ಕಟಕಟೆಯಲ್ಲಿ ನಿಂತು ‘ಆ ನರ್ಸ್ ನಾಲ್ಕು ಗಂಟೆಯವರೆಗೂ ವಾರ್ಡಿನಲ್ಲಿದ್ದಳು’ ಎಂದು ಪ್ರಮಾಣ ಮಾಡಿ ಹೇಳಲಿ, ಆಮೇಲೆ ಪಾಟೀ ಸವಾಲಿನಲ್ಲಿ ಈ ಹಾಳೆಯನ್ನು ಅವನ ಮೂಗಿನ ಮುಂದೆ ಹಿಡಿಯೋಣ ಎಂದು ಕಾದೆ. ಮುಂಚೆಯೇ ಕೋರ್ಟಿಗೆ ಕೊಟ್ಟರೆ ಅವನು ಎಚ್ಚರವಾಗುತ್ತಾನೆ. ಮನೆಯ ಕನ್ನಡಿಯ ಮುಂದೆ ನಿಂತು ಹೇಗೆ ಹಿಡಿಯಬೇಕೆಂದು ಅಭ್ಯಾಸ ಕೂಡ ಮಾಡಿದ್ದೆ. ತಂಗಿ ದಿನಾ ಕೇಳುತ್ತಿದ್ದಳು, “ರಿಜಿಸ್ಟರ್ ಸಿಕ್ತಾ ಅಣ್ಣ?” ಎಂದು. ಅವಳ ಮುಖದಲ್ಲಿ ಗೆಲುವು ಕಂಡರೆ ಆಸ್ಪತ್ರೆಯವರಿಗೆ ಸುಳಿವು ಸಿಗುತ್ತದೆಂದು “ಇಲ್ಲ” ಎನ್ನುತ್ತಿದ್ದೆ.

ಆರನೇ ಸಾಕ್ಷಿ ಮುಗಿದ ಮೇಲೆ ಸರ್ಕಾರಿ ವಕೀಲ ಎದ್ದು ನಿಂತು “ಏಳನೇ ಸಾಕ್ಷಿಯನ್ನು ಕೈಬಿಟ್ಟಿದ್ದೇವೆ” ಎಂದ. ಅಷ್ಟೇ. ನನ್ನ ಬ್ಯಾಗಿನಲ್ಲಿ ಹಾಳೆ ಇತ್ತು. ನಮ್ಮ ಕಡೆಯ ದಾಖಲೆಯಾಗಿ ಆ ಕ್ಷಣವೇ ಕೊಡಬಹುದಿತ್ತು. ಆದರೆ ಆರನೇ ಸಾಕ್ಷಿ ವಾರ್ಡಿನ ಮೇಟ್ರನ್. ನನ್ನ ಸವಾಲಿಗೆ ಅವಳು ತಡವರಿಸಿ ಬೆವೆತು ಹೋಗಿದ್ದಳು. ಕೇಸು ಗೆದ್ದೇ ಬಿಟ್ಟೆ ಎಂದುಕೊಂಡಿದ್ದೆ. ಇದಿಲ್ಲದೆಯೇ ಗೆದ್ದೆ ಎನಿಸಿಕೊಳ್ಳುವ ಚಪಲ. ಹಾಳೆ ಬ್ಯಾಗಿನಲ್ಲೇ ಉಳಿಯಿತು.

ತಂಗಿಗೆ ಗೊತ್ತಿರುವುದು ಇಷ್ಟು: ನಕಲು ತಡವಾಗಿ ಸಿಕ್ಕಿತು, ಜಡ್ಜು ಅದನ್ನು ಒಪ್ಪಲಿಲ್ಲ. ನಿನ್ನನ್ನು ದ್ವೇಷಿಸಿಕೊಂಡು ಅವಳು ಬದುಕಿದ್ದಾಳೆ. ಆ ದ್ವೇಷವನ್ನು ನಾನೇ ವರ್ಷ ವರ್ಷ ನೀರೆರೆದು ಬೆಳೆಸಿದೆ, ಯಾಕೆಂದರೆ ಅದು ಒಣಗಿದ ದಿನ ಅವಳು ತಿರುಗಿ ನನ್ನನ್ನು ನೋಡುತ್ತಾಳೆ. ನಿನ್ನ ಕಾಲು ಹಿಡಿಯುತ್ತೇನೆ, ಅವಳಿಗೆ ಹೇಳಬೇಡ. ನಮ್ಮಿಬ್ಬರಿಗೆ ಬೇರೆ ಯಾರೂ ಇಲ್ಲ. ಆ ಹುಡುಗಿಗೂ ಆ ವಕೀಲ ನಾನೇ ಎಂದು ಗೊತ್ತಿಲ್ಲ. ಅವಳು ತಂದದ್ದು ಆ ಒಂದು ಹಾಳೆಯ ನಕಲು ಮಾತ್ರ.

ಇಷ್ಟು ಬರೆದ ಮೇಲೂ ಒಂದು ಮಾತು ಕೇಳಲೇಬೇಕು. ನನ್ನ ಪ್ರಮಾಣಪತ್ರ ಸುಳ್ಳು, ಸರಿ. ಹಾಳೆ ಸುಳ್ಳಾಗಿತ್ತೇ? ಎರಡು ಗಂಟೆಗೆ ಅವಳ ಸಹಿ, ಎರಡು ಗಂಟೆ ಐದು ನಿಮಿಷಕ್ಕೆ ಮುಂದಿನ ಪಾಳಿಯ ನರ್ಸಿನ ಸಹಿ, ಎರಡೂ ನಿನ್ನ ಕಣ್ಣ ಮುಂದಿತ್ತು. ನ್ಯಾಯಕ್ಕೆ ಬೇಕೆಂದರೆ ಮೇಲ್ಮನವಿ ಕೋರ್ಟು ಯಾವ ಹಂತದಲ್ಲೂ ದಾಖಲೆ ತೆಗೆದುಕೊಳ್ಳಬಹುದು. ನನ್ನ ಕತ್ತು ಕತ್ತರಿಸಿ ಅವಳನ್ನು ಬಿಡಬಹುದಿತ್ತು. ಅದನ್ನು ಯಾಕೆ ಮಾಡಲಿಲ್ಲ? ನನ್ನ ಕೇಸನ್ನು ನೀನು ಕೈಗೆತ್ತಿಕೊಂಡದ್ದಾದರೂ ಯಾಕೆ?

ಗುಡುಗು


ಅಕ್ಟೋಬರ್ 8

ಗುಡುಗು,

ನೀನು ಕೇಳುತ್ತೀಯ ಎಂದು ಗೊತ್ತಿತ್ತು. ಅದಕ್ಕೇ ಇಷ್ಟು ವರ್ಷ ಬರೆಯಲಿಲ್ಲ.

ಆಗ ನಾನು ಹೊಸಬ. ಖಾಯಂ ಆಗಿರಲಿಲ್ಲ. ಈ ಕೇಸು ಬೇಡ ಎನ್ನಬೇಕಾದರೆ ವಕೀಲ ನನ್ನ ಗೆಳೆಯ ಎಂದು ಬರೆದುಕೊಡಬೇಕಿತ್ತು. ಬರೆಯಲಿಲ್ಲ. ಗೆಳೆಯನ ವಿರುದ್ಧ ತೀರ್ಪು ಕೊಟ್ಟರೆ ‘ಇವನು ಯಾರ ಮುಲಾಜಿಗೂ ಬೀಳುವವನಲ್ಲ’ ಎಂದು ಹೆಸರು ಬರುತ್ತದೆ ಎಂದುಕೊಂಡೆ. ಬಂತು ಕೂಡ.

ಹಾಳೆ ನಿಜವೆಂದು ನನಗೆ ಆವತ್ತೇ ಗೊತ್ತಿತ್ತು. ಅದನ್ನು ತೆಗೆದುಕೊಂಡಿದ್ದರೆ ತಾರೀಖನ್ನೂ ಬರೆಯಬೇಕು, ನಿನ್ನನ್ನೂ ಬಲಿ ಕೊಡಬೇಕು, ನಾನು ಯಾಕೆ ಈ ಕೇಸು ಕೇಳಿದೆ ಎಂಬ ಪ್ರಶ್ನೆಯೂ ಏಳುತ್ತದೆ. ಅದೆಲ್ಲಕ್ಕಿಂತ ಎಂಟು ಪದ ಸುಲಭ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನೀನು ಎಲ್ಲರ ಮುಂದೆ ನನ್ನ ತೊದಲು ಮಾತನ್ನು ಅಣಕಿಸುತ್ತಿದ್ದೆ. ಆವತ್ತು ನಾನು ಹಾಳೆ ತಿರುಗಿಸಿದಾಗ ನಿನ್ನ ಬಾಯಿ ಕಟ್ಟಿತಲ್ಲ, ಅದನ್ನು ನೋಡಿ ಹಿತವಾಯಿತು. ಆ ಹಿತದಲ್ಲಿ ನಿನ್ನ ತಂಗಿ ನನಗೆ ಕಾಣಲಿಲ್ಲ. ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳಂತೆ.

ಈಗ ನಮ್ಮಿಬ್ಬರದೂ ಒಂದೇ ಸ್ಥಿತಿ. ಒಂದು ಮಾತಿಗೆ ಬರೋಣ. ನೀನು ಆ ತೀರ್ಪನ್ನು ಪಾಠದಿಂದ ತೆಗೆದುಹಾಕು, ಪುಸ್ತಕದ ಯೋಚನೆ ಬಿಡು, ಡಿಸೆಂಬರಿನ ಕಾರ್ಯಕ್ರಮಕ್ಕೆ ಬರಬೇಡ. ನಾನು ಅವಳಿಗೆ ಒಂದು ಸಾಲೂ ಬರೆಯುವುದಿಲ್ಲ. ಅವಳ ನೆಮ್ಮದಿಗೂ ಇದೇ ಒಳ್ಳೆಯದು.

ಗುಮ್ಮ


ಅಕ್ಟೋಬರ್ 13

ಗುಮ್ಮ,

ಒಪ್ಪಿದೆ. ನಿನ್ನೆ ತರಗತಿಯಲ್ಲಿ ಹಳೆಯ ತೀರ್ಪನ್ನು ವಾಪಸು ಪಡೆದು ಒಂದು ಬಾಡಿಗೆ ಮನೆಯ ತಂಟೆಯ ತೀರ್ಪು ಹಂಚಿದೆ. ಮಕ್ಕಳು ಗೊಣಗಿದರು. ಅರವತ್ತೆರಡು ಬ್ರೀಫುಗಳನ್ನೂ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅರವತ್ತಮೂರನೆಯದು ಆ ಹುಡುಗಿಯದು, ಅದನ್ನು ಮಾತ್ರ ಅವಳು ವಾಪಸು ಕೊಟ್ಟಿಲ್ಲ, ಮನೆಯಲ್ಲಿ ಮರೆತೆ ಎಂದಳು. ಕೊಡುತ್ತಾಳೆ.

ತಂಗಿಗೆ ಏನೂ ಗೊತ್ತಿಲ್ಲ. ಇನ್ನು ಪತ್ರ ಬೇಡ.

ಗುಡುಗು


ನವೆಂಬರ್ 2

ನ್ಯಾಯಾಧೀಶರಿಗೆ,

ಲಕೋಟೆಯ ಮೇಲಿನ ಅಕ್ಷರ ನಿಮಗೆ ಪರಿಚಯವಿದೆ. ಹದಿನೇಳು ಸಲ ನೋಡಿದ್ದೀರಿ. ಒಳಗೂ ಅದೇ ಅಕ್ಷರ ಇರುವುದು ಇದೇ ಮೊದಲು. ಅಣ್ಣನ ಹಾಗೆ ಬಣ್ಣ ಕಟ್ಟಿ ಬರೆಯಲು ನನಗೆ ಬರುವುದಿಲ್ಲ. ವಾರ್ಡಿನಲ್ಲಿ ರೋಗಿಯ ಚಾರ್ಟು ಬರೆದ ಕೈ ಇದು. ತಾರೀಖು, ಗಂಟೆ, ಆದದ್ದು, ಅಷ್ಟನ್ನೇ ಬರೆಯುತ್ತೇನೆ.

ಅಕ್ಟೋಬರ್ 20, ಬೆಳಗ್ಗೆ ಹನ್ನೊಂದೂ ಕಾಲು. ಅಣ್ಣ ಕಾಲೇಜಿಗೆ ಹೋಗಿದ್ದ. ಒಬ್ಬಳು ಹುಡುಗಿ ಬಾಗಿಲು ತಟ್ಟಿದಳು. “ಸರ್ ಇದಾರಾ ಆಂಟಿ? ಅವರಿಗೆ ಕಾಲೇಜಲ್ಲಿ ಕೇಳಿದ್ರೆ ಸಿಟ್ಟು ಬರುತ್ತೆ, ಅದಕ್ಕೆ ಮನೆಗೇ ಬಂದೆ.” ಕೂರಿಸಿ ನೀರು ಕೊಟ್ಟೆ. ಏನಮ್ಮ ಎಂದೆ. “ಇಪ್ಪತ್ತಕ್ಕೆ ಮೂರು ಕೊಟ್ಟಿದಾರೆ ಆಂಟಿ. ಈಗ ಆ ಕೇಸನ್ನೇ ಪಾಠದಿಂದ ತೆಗೆದ್ರು. ನನ್ನ ಮೂರು ಮಾತ್ರ ಮೂರಾಗೇ ಉಳೀತು. ನಾನು ಬರೆದಿದ್ದರಲ್ಲಿ ಒಂದು ಸುಳ್ಳಿದ್ರೆ ಹೇಳಿ” ಎಂದು ಹೊಲಿಗೆ ಯಂತ್ರದ ಮೇಲೆ, ನಾನು ಹೊಲಿಯುತ್ತಿದ್ದ ಕಾಲರಿನ ಪಕ್ಕ, ತನ್ನ ಬ್ರೀಫನ್ನೂ ಆ ಹಾಳೆಯ ನಕಲನ್ನೂ ಇಟ್ಟಳು.

ನನ್ನ ಸಹಿ ನಾನೇ ನೋಡಿದೆ. ಎರಡು ಗಂಟೆ. ಅಷ್ಟು ವರ್ಷದ ಮೇಲೆ ನೋಡಿದ್ದು. ಹಾಳೆ ತಿರುಗಿಸಿದೆ. ಔಷಧಿ ಸೀಸೆ ಕೈಗೆ ಬಂದರೆ ಮೊದಲು ಹಿಂದಿನ ತಾರೀಖು ನೋಡುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ.

“ಈ ತಾರೀಖು ಸರಿಯಾಗಿದೆಯಾ?” ಎಂದೆ.

“ಸರಿಯಾಗೇ ಇದೆ ಆಂಟಿ. ಎಂಟು ತಿಂಗಳು ವಕೀಲನ ಹತ್ರಾನೇ ಇತ್ತು. ಎಂಥಾ ಪುಣ್ಯಾತ್ಮ ನೋಡಿ!” ಎಂದಳು. ಆಮೇಲೆ ಕೇಳಿದಳು: “ಆ ನರ್ಸ್ ಈಗ ಬದುಕಿದಾರೋ ಇಲ್ವೋ, ಪಾಪ.”

“ಬದುಕಿದಾಳೆ” ಎಂದೆ.

“ನಿಮಗೆ ಗೊತ್ತಾ?”

“ಸ್ವಲ್ಪ ಗೊತ್ತು” ಎಂದೆ. ಅವಳಿಂದ ಆ ಹಾಳೆಗಳನ್ನು ಇಸಿದುಕೊಂಡು, ನಿನ್ನ ಅಂಕ ನಿನಗೆ ಬರುತ್ತೆ ಹೋಗು ಎಂದು ಕಳಿಸಿದೆ.

ಅಣ್ಣ ಊಟಕ್ಕೆ ಬಂದ. ಬಡಿಸಿದೆ. ತಟ್ಟೆಯ ಪಕ್ಕ ಹಾಳೆಯನ್ನು ಹಿಂಬದಿ ಮೇಲೆ ಮಾಡಿ ಇಟ್ಟೆ. ಅವನು ಕೈ ತೊಳೆಯದೆ ಎದ್ದುಹೋಗಿ ಬ್ಯಾಗಿನಿಂದ ನಿಮ್ಮ ಮೂರು ಪತ್ರ ತಂದು ಕೊಟ್ಟ. ತಾನು ಬರೆದವುಗಳ ನಕಲನ್ನೂ ಕೊಟ್ಟ. ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಓದಿದೆ. ಅವನು ಎದುರಿಗೇ ಕೂತಿದ್ದ. “ನಿನಗೆ ನೋವಾಗಬಾರದು ಅಂತ ಹೇಳಲಿಲ್ಲ” ಎಂದ. “ಜೈಲಿಗೆ ತಿಂಗಳಿಗೊಂದ್ಸಲ ನೋಡೋಕೆ ಬರ್ತಿದ್ದೆಯಲ್ಲಣ್ಣ, ಆಗ ನನಗೆ ನೋವಿರಲಿಲ್ಲ ಅಂದ್ಕೊಂಡಿದ್ದೆಯಾ?” ಎಂದೆ. ಅವನು ಅತ್ತ. ನನಗೆ ಅಳು ಬರಲಿಲ್ಲ. ತಟ್ಟೆ ಎತ್ತಿ ತೊಳೆದಿಟ್ಟೆ.

ನಿಮ್ಮ ಪತ್ರಗಳಲ್ಲಿ ನೀವಿಬ್ಬರೂ ಎಷ್ಟು ಚೆನ್ನಾಗಿ ತಪ್ಪೊಪ್ಪಿಕೊಂಡಿದ್ದೀರಿ! ಅವನು ನಿಮಗೆ ಒಪ್ಪಿಸಿದ, ನೀವು ಅವನಿಗೆ ಒಪ್ಪಿಸಿದಿರಿ, ಕೈ ಕುಲುಕಿ ರಾಜಿಯಾದಿರಿ. ನನ್ನ ನೆಮ್ಮದಿಯ ಹೆಸರಿನಲ್ಲಿ. ನೀವು ಬರೆದಿದ್ದೀರಲ್ಲ, ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆನಂತೆ ಎಂದು. ಕೂತಿದ್ದೆ. ನೀವು ಹಾಳೆ ತಿರುಗಿಸಿದ್ದನ್ನು ನೋಡಿದೆ. ಈ ಮನುಷ್ಯ ಎರಡೂ ಬದಿ ನೋಡುತ್ತಾನೆ, ಒಳ್ಳೆಯ ಜಡ್ಜು, ನಾನು ಇವತ್ತು ಮನೆಗೆ ಹೋಗುತ್ತೇನೆ ಎಂದುಕೊಂಡೆ. ಕ್ಷಮಿಸುವುದು ನನ್ನಿಂದ ಆಗುವುದಿಲ್ಲ, ಅವನನ್ನೂ ಇಲ್ಲ, ನಿಮ್ಮನ್ನೂ ಇಲ್ಲ. ಕೇಳಬೇಡಿ. ಇಷ್ಟು ವರ್ಷ ನಿಮ್ಮೊಬ್ಬರ ಮೇಲಿದ್ದ ಸಿಟ್ಟು ಈಗ ಇಬ್ಬರಿಗೂ ಸಾಲುವಷ್ಟಿದೆ.

ಹೋದ ವಾರ ಯಂತ್ರ ಸಮೇತ ಬೇರೆ ಕೋಣೆಗೆ ಬಂದೆ. ದರ್ಜಿ ಅಂಗಡಿಯ ಮಹಡಿ. ಅಣ್ಣ ದಿನಾ ಬಂದು ಮೆಟ್ಟಿಲ ಕೆಳಗೆ ನಿಂತು ಹೋಗುತ್ತಾನೆ. ಮೇಲೆ ಬಾ ಎಂದು ನಾನು ಕರೆದಿಲ್ಲ. ಡಿಸೆಂಬರಿನಲ್ಲಿ ನಿಮ್ಮ ಭಾವಚಿತ್ರದ ಕಾರ್ಯಕ್ರಮಕ್ಕೆ ಬರುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದಾನೆ. ನಾನು ಯಾರಿಗೂ ಮಾತು ಕೊಟ್ಟಿಲ್ಲ.

ಅದಕ್ಕೂ ಮುಂಚೆ ಒಂದು ಕೆಲಸವಿದೆ. ನವೆಂಬರ್ 11, ಗುರುವಾರ, ಬೆಳಗ್ಗೆ ಹತ್ತು ಗಂಟೆ, ಕಾನೂನು ಕಾಲೇಜು, ಮೊದಲ ವರ್ಷದ ತರಗತಿ. ಪ್ರಿನ್ಸಿಪಾಲರನ್ನು ನಾನೇ ಕಂಡು ಬಂದಿದ್ದೇನೆ. ಹಾಳೆ ತೋರಿಸಿದೆ. ಅವರು ಎರಡೂ ಬದಿ ಓದಿ ಆಗಲಿ ಎಂದರು. ಆ ತೀರ್ಪನ್ನು ಮತ್ತೆ ಹಂಚುತ್ತಾರೆ, ಈ ಸಲ ಯಾವ ಹೆಸರನ್ನೂ ಕತ್ತರಿಸುವುದಿಲ್ಲ. ಪಾಠ ಅಣ್ಣನೇ ಮಾಡಬೇಕು. ಮಾಡುತ್ತೇನೆ ಎಂದಿದ್ದಾನೆ. ಆ ಹುಡುಗಿ ಎದ್ದು ನಿಂತು ತನ್ನ ಬ್ರೀಫ್ ಓದುತ್ತಾಳೆ, ಸಂಗತಿಗಳಿಂದ ಕಾರಣಗಳವರೆಗೆ. ಅವಳಿಗೂ ಇನ್ನೂ ನಾನು ಯಾರೆಂದು ಹೇಳಿಲ್ಲ.

ನೀವು ಬನ್ನಿ. ಬೆಳಗ್ಗೆ ಒಂಬತ್ತಕ್ಕೆ ನಿಮ್ಮ ಊರಿನ ಬಸ್ಸು ಇಲ್ಲಿ ನಿಲ್ಲುತ್ತದೆ, ವಿಚಾರಿಸಿದ್ದೇನೆ. ಕಾಲೇಜು ಅಲ್ಲಿಂದ ಹತ್ತು ನಿಮಿಷದ ದಾರಿ. ಎರಡನೇ ಸಾಲಿನಲ್ಲಿ, ಕಿಟಕಿಯ ಪಕ್ಕ, ನನ್ನ ಬೆಂಚಿನಲ್ಲಿ ಒಬ್ಬರಿಗೆ ಜಾಗ ಇಟ್ಟಿರುತ್ತೇನೆ. ಹುಡುಗಿ ಓದಿ ಮುಗಿಸಿದ ಮೇಲೆ ಮಕ್ಕಳು ಪ್ರಶ್ನೆ ಕೇಳುತ್ತಾರೆ, ವಕೀಲನಿಗೆ ಒಂದಿಷ್ಟು, ಜಡ್ಜಿಗೆ ಒಂದಿಷ್ಟು. ಆಮೇಲೆ ನಾನು ಎದ್ದು ನಿಂತು ಆ ನರ್ಸ್ ನಾನೇ ಎಂದು ಹೇಳುತ್ತೇನೆ. ಎಂಟು ತಿಂಗಳು ಯಾರು ಹಾಳೆ ಇಟ್ಟುಕೊಂಡಿದ್ದರು, ಯಾರು ಅದನ್ನು ತಿರುಗಿಸಿ ನೋಡಿ ಸುಮ್ಮನಾದರು ಎಂದು ಇಬ್ಬರನ್ನೂ ಬೆರಳು ಮಾಡಿ ತೋರಿಸುತ್ತೇನೆ. ಅವನು ಹಲಗೆಯ ಹತ್ತಿರ ನಿಂತಿರುತ್ತಾನೆ. ನೀವು ಬಂದಿದ್ದರೆ ನಿಮ್ಮನ್ನು ತೋರಿಸುತ್ತೇನೆ, ಬಂದಿರದಿದ್ದರೆ ಪಕ್ಕದ ಖಾಲಿ ಜಾಗವನ್ನು ತೋರಿಸುತ್ತೇನೆ.